ಕೌದಿ ಹೊಲಿದ ಕೈ

ಅಮೆರಿಕದ ಅಲಬಾಮಾದಲ್ಲಿ, ನದಿಯ ಬಳುಕಿನ ಒಡಲಲ್ಲಿ, ಜೀಸ್ ಬೆಂಡ್ ಎಂಬ ಊರಿದೆ. ಹತ್ತಿ ತೋಟದ ಗುಲಾಮರಾಗಿದ್ದವರ ಮರಿಮಕ್ಕಳ ಊರು. ಚಳಿಗೆ ಹೊದೆಯಲು ಅಲ್ಲಿನ ಕಪ್ಪು ಹೆಣ್ಣುಮಕ್ಕಳು ಸವೆದ ಅಂಗಿ, ಹರಿದ ಪ್ಯಾಂಟುಗಳನ್ನೇ ಕತ್ತರಿಸಿ ಕೌದಿ ಹೊಲಿದರು. ಊರವರು ಮತದಾನದ ಹಕ್ಕು ಕೇಳಿದಾಗ, 1962ರಲ್ಲಿ, ಹೊಳೆ ದಾಟುವ ದೋಣಿಯನ್ನೇ ನಿಲ್ಲಿಸಲಾಯಿತು. ಅವರು ಸೂಜಿ ಕೆಳಗಿಡಲಿಲ್ಲ. 1966ರಲ್ಲಿ ಆ ಸೀಮೆಯ ಹೆಂಗಸರು ಸೇರಿ ಕೌದಿಯ ಸಹಕಾರ ಸಂಘ ಕಟ್ಟಿದರು. 2002ರಲ್ಲಿ ಜೀಸ್ ಬೆಂಡ್ ಕೌದಿಗಳು ಹೂಸ್ಟನ್ನಿನ ಕಲಾ ಸಂಗ್ರಹಾಲಯದ ಗೋಡೆ ಏರಿದವು, 2006ರಲ್ಲಿ ಅಂಚೆಚೀಟಿಗಳಾದವು. ನಿಂತ ದೋಣಿ ಮತ್ತೆ ಹೊರಟದ್ದೂ ಅದೇ ವರ್ಷ!

ದೂರದ ಮಾತು ಬಿಡಿ. ನಮ್ಮ ಹಳಿಯಾಳ, ಯಲ್ಲಾಪುರದ ಕಾಡಂಚಿನಲ್ಲಿ ಆಫ್ರಿಕಾ ಮೂಲದ ಸಿದ್ದಿ ತಾಯಂದಿರು ಹಳೆಯ ಸೀರೆಗಳಿಂದ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಶುರುವಾದ ಹೊಲಿಗೆ ಸುತ್ತಿ ಸುತ್ತಿ ನಡುವಿಗೆ ಬರುತ್ತದೆ. ಮೂಲೆಗಳಿಗೆ ಮಡಿಸಿದ ಬಟ್ಟೆಯ ಹೂ.

ಕೌದಿಗೆ ಯಾವ ತುಂಡೂ ಪರಕೀಯವಲ್ಲ. ನಾವೋ, ಕಲೆಗೆ ಚಪ್ಪಾಳೆ ತಟ್ಟುತ್ತೇವೆ, ಕಲಾವಿದೆಯನ್ನು ಮಾತ್ರ ಹೊಸ್ತಿಲಾಚೆ ನಿಲ್ಲಿಸುತ್ತೇವೆ. ಸಿದ್ದಿಗಳನ್ನು ಕಂಡೊಡನೆ "ಯಾವ ದೇಶದವರು?" ಎನ್ನುತ್ತೇವೆ. ಮೇಳದಲ್ಲಿ ಚೌಕಾಸಿಗೆ ಇಳಿಯುತ್ತೇವೆ. ಮುಂದಿನ ಸಲ ಕೌದಿ ಕೊಳ್ಳುವಾಗ ಹೊಲಿದವರ ಹೆಸರು ಕೇಳೋಣ, ನ್ಯಾಯವಾದ ಬೆಲೆ ಕೊಡೋಣ, ಕಲಿಸುವ ಗುರುವಿನ ಪೀಠದಲ್ಲೂ ಅವರನ್ನು ಕೂರಿಸೋಣ. ಅಂಚಿನಲ್ಲಿದ್ದವರು ನಡುವಿಗೆ ಬರುವ ದಾರಿಯನ್ನು ಆ ಹೊಲಿಗೆಯೇ ತೋರಿಸಿದೆ.