ಸಗಣಿಯಿಂದ ಕಾರು ಓಡೀತೆ?

(ರಜತ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭದಿನದಂದು ಹಾಲಿನ ಮಾತು ಬೇಕಾದಷ್ಟು ಆಗಿದೆ. ಫ್ಯಾಟು, ಡಿಗ್ರಿ, ಬಟವಾಡೆ ಎಲ್ಲಾ ಬಂದುಹೋಯಿತು. ಆದರೆ ಹಸು ಬರೀ ಹಾಲು ಕೊಡೋದಿಲ್ಲ, ಸಗಣಿಯನ್ನೂ ಕೊಡುತ್ತದೆ. ಹಾಲನ್ನು ಮಿಲಿ ಲೆಕ್ಕದಲ್ಲಿ ಅಳೆಯುವ ನಾವು ಸಗಣಿಯ ಲೆಕ್ಕ ಇಟ್ಟವರೇ ಅಲ್ಲ. ಇವತ್ತು ಆ ಲೆಕ್ಕವನ್ನು ಸ್ವಲ್ಪ ನೋಡೋಣ.

ಹೋದ ಸಭೆಯಲ್ಲಿ ನಮ್ಮ ಊರಿನ ಯುವಕರೊಬ್ಬರು, "ಪರದೇಶದಲ್ಲಿ ಸಗಣಿಯಿಂದ ಕಾರು ಓಡಿಸ್ತಾರಂತೆ, ನಮ್ಮ ಸಂಘ ಯಾಕೆ ಮಾಡಬಾರದು?" ಅಂತ ಕೇಳಿದರು. ಕೆಲವರು ನಕ್ಕರು. ನಗುವ ಮಾತಲ್ಲ ಅದು. ನಿಜವಾಗಿ ನಡೆದಿರುವ ಕೆಲಸ.

ಜಪಾನ್ ದೇಶದ ಉತ್ತರಕ್ಕೆ ಹೊಕ್ಕೈಡೊ ಎಂಬ ದ್ವೀಪವಿದೆ. ಅಲ್ಲಿ ಶಿಕಾಓಯಿ ಎಂಬ ಸಣ್ಣ ಊರು, ಜನರಿಗಿಂತ ಹಸುಗಳೇ ಹೆಚ್ಚು. ಸಗಣಿಯ ವಾಸನೆಯನ್ನೂ ನೀರು ಕೆಡುವುದನ್ನೂ ತಡೆಯಬೇಕೆಂದು ಎಲ್ಲರ ಕೊಟ್ಟಿಗೆಯ ಸಗಣಿಯನ್ನು ಒಂದೇ ಕಡೆ ಸೇರಿಸಿ ಗೋಬರ್ ಗ್ಯಾಸ್ ಮಾಡತೊಡಗಿದರು. 2015ರಲ್ಲಿ ಅಲ್ಲಿನ ಸರ್ಕಾರದ ಪರಿಸರ ಇಲಾಖೆಯ ನೆರವಿನಿಂದ, ಆ ಗ್ಯಾಸಿನಿಂದ ಜಲಜನಕ ತೆಗೆದು ವಾಹನಗಳಿಗೆ ತುಂಬಿಸುವ ಯೋಜನೆ ಶುರುವಾಯಿತು. ಸ್ಥಾವರದಲ್ಲಿ ಉಳಿದ ಬಿಸಿಯನ್ನೂ ಅವರು ಬಿಡಲಿಲ್ಲ. ಹಿಮ ಬೀಳುವ ಆ ಊರಿನಲ್ಲಿ ಗಾಜಿನ ಮನೆ ಕಟ್ಟಿ ಮಾವಿನಹಣ್ಣು ಬೆಳೆದರು!

ಅದೇ ದೇಶದ ಫುಕುಓಕಾ ಪಟ್ಟಣದವರು ಇನ್ನೊಂದು ಹೆಜ್ಜೆ ಮುಂದೆ. ಊರಿನ ಕಕ್ಕಸಿನ ಚರಂಡಿ ನೀರನ್ನೇ ಹಿಡಿದರು. 2015ರಿಂದ ಅಲ್ಲಿ ದಿನಕ್ಕೆ 2,400 ಘನಮೀಟರ್ ಗ್ಯಾಸಿನಿಂದ 3,300 ಘನಮೀಟರ್ ಜಲಜನಕ ತೆಗೆಯುವ ಸ್ಥಾವರ ನಿಂತಿತು. ಸುಮಾರು 65 ಕಾರುಗಳಿಗೆ ಆಗುವಷ್ಟು.

ಇದು ಹೇಗೆ ಸಾಧ್ಯ ಅಂತೀರಾ? ಗೋಬರ್ ಗ್ಯಾಸಿನಲ್ಲಿ ನೂರಕ್ಕೆ ಅರವತ್ತರಷ್ಟು ಉರಿಯುವ ಮೀಥೇನ್ ಇರುತ್ತದೆ. ಮಿಕ್ಕಿದ್ದು ಬಹುಪಾಲು ಇಂಗಾಲಾಮ್ಲ. ಕೊಳೆತ ಮೊಟ್ಟೆಯ ವಾಸನೆ ಬರುತ್ತದಲ್ಲ, ಅದು ಗಂಧಕದ ಅನಿಲ. ಮೊದಲು ಇವೆರಡನ್ನೂ ತೆಗೆದು ಮೀಥೇನನ್ನು ಶುದ್ಧ ಮಾಡುತ್ತಾರೆ. ಆಮೇಲೆ ಕೆಂಡದಷ್ಟು ಕಾದ ಕೊಳವೆಯಲ್ಲಿ ನೀರಿನ ಹಬೆಯೊಂದಿಗೆ ಅದನ್ನು ಹಾಯಿಸಿದರೆ ಮೀಥೇನಿನ ಜಲಜನಕವೂ ನೀರಿನ ಜಲಜನಕವೂ ಬಿಡುಗಡೆಯಾಗುತ್ತದೆ. ಕಾರಿನೊಳಗೆ ಆ ಜಲಜನಕ ಗಾಳಿಯ ಆಮ್ಲಜನಕದ ಜೊತೆ ಕೂಡಿ ಕರೆಂಟು ಹುಟ್ಟುತ್ತದೆ. ಹೊಗೆಯ ಕೊಳವೆಯಿಂದ ಬರುವುದು ಬರೀ ನೀರು.

ನಮ್ಮ ರಾಜ್ಯದವರೇನೂ ಸುಮ್ಮನೆ ಕೂತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ದಾಸಪ್ಪನವರ ತಂಡ ಒಂದು ಕಿಲೋ ಕೃಷಿ ಕಸದಂಥ ಜೀವರಾಶಿಯಿಂದ ನೂರು ಗ್ರಾಂ ಜಲಜನಕ ತೆಗೆಯುವ ವಿಧಾನವನ್ನು 2022ರಲ್ಲಿ ತಿಳಿಸಿತು. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಹಸಿರು ಜಲಜನಕದ ಯೋಜನೆಗೆ 19,744 ಕೋಟಿ ರೂಪಾಯಿ ಒಪ್ಪಿತು.

ಈಗ ನಮ್ಮ ಲೆಕ್ಕಕ್ಕೆ ಬರೋಣ. ಸುಮಾರು 25 ಕಿಲೋ ಹಸಿ ಸಗಣಿಗೆ ಒಂದು ಘನಮೀಟರ್ ಗ್ಯಾಸು. ಫುಕುಓಕಾದ ಪ್ರಮಾಣ ಹಿಡಿದರೆ ಅದರಿಂದ ಸಿಗುವ ಜಲಜನಕ ಹೆಚ್ಚುಕಡಿಮೆ 120 ಗ್ರಾಂ. ಒಂದು ಕಿಲೋ ಜಲಜನಕಕ್ಕೆ ಕಾರು ನೂರು ಕಿಲೋಮೀಟರ್ ಓಡುತ್ತದೆ ಅಂದುಕೊಂಡರೆ, 25 ಕಿಲೋ ಸಗಣಿಗೆ 12 ಕಿಲೋಮೀಟರ್. 50 ಕಿಲೋ ಸಗಣಿಗೆ 24 ಕಿಲೋಮೀಟರ್. ಅದೇ 50 ಕಿಲೋ ಸಗಣಿಯನ್ನು ಎರಡು ಘನಮೀಟರಿನ ಗುಂಡಿಗೆ ಹಾಕಿದರೆ ನಾಲ್ಕೈದು ಜನರ ಮನೆಯ ಒಂದು ದಿನದ ಅಡಿಗೆ ಆಗುತ್ತದೆ. ಯಾವುದು ಮೊದಲು? ಒಲೆ ಊದಿ ಕಣ್ಣು ಕೆಂಪಗೆ ಮಾಡಿಕೊಂಡ ತಾಯಂದಿರು ಇಲ್ಲೇ ಕೂತಿದ್ದಾರೆ, ಅವರನ್ನೇ ಕೇಳಿ.

ಇನ್ನೂ ಒಂದು ಮಾತು. ಜಲಜನಕವನ್ನು ಕಾರಿಗೆ ತುಂಬಬೇಕಾದರೆ ನಮ್ಮ ಸುತ್ತಲ ಗಾಳಿಯ ಒತ್ತಡದ 700 ಪಟ್ಟು ಒತ್ತಬೇಕು. ಆ ಯಂತ್ರ, ಆ ಸಿಲಿಂಡರು, ಆ ಜೋಪಾನ ಒಂದು ಹಳ್ಳಿಯ ಸಂಘದ ಕೈಗೆ ಎಟಕುವಂಥದ್ದಲ್ಲ. ನಮ್ಮ ಹಳ್ಳಿ ರಸ್ತೆಯಲ್ಲಿ ಅದನ್ನು ಕೊಳ್ಳುವ ಗಾಡಿಯೂ ಇಲ್ಲ. ಆದ್ದರಿಂದ ನಾಳೆ ಯಾರಾದರೂ ಬಂದು, "ಠೇವಣಿ ಕಟ್ಟಿ, ಸ್ಥಾವರ ತಂದುಕೊಡ್ತೀವಿ" ಅಂದರೆ ಮೂರು ಪ್ರಶ್ನೆ ಕೇಳೋಣ. ದಿನಕ್ಕೆ ಎಷ್ಟು ಸಗಣಿ ಬೇಕು? ಬಗ್ಗಡ ಯಾರ ಹೊಲಕ್ಕೆ ಹೋಗುತ್ತದೆ? ಜಲಜನಕ ಕೊಳ್ಳುವವರು ಯಾರು? ಉತ್ತರ ಬಾರದೆ ಸಂಘದ ಒಂದು ಪೈಸೆಯೂ ಹೊರಗೆ ಹೋಗಬಾರದು.

ಹಾಗಾದರೆ ಕೈಕಟ್ಟಿ ಕೂರೋದೇ? ಅಲ್ಲ. ಕುಣಿಗಲ್ ಸೀಮೆಯ ಪುರ ಎಂಬ ಹಳ್ಳಿಯನ್ನು ನೆನೆಯೋಣ. ಅಲ್ಲಿ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿಯವರ ಬಳಗ ಊರೊಟ್ಟಿನ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿತು. 1987ರಿಂದ ಆ ಗ್ಯಾಸಿನಲ್ಲಿ ಎಂಜಿನ್ ಓಡಿಸಿ ಮನೆಗಳಿಗೆ ದೀಪ, ನಲ್ಲಿಗೆ ನೀರು ಕೊಟ್ಟರು. ಮನೆಮನೆಯವರು ಸಗಣಿ ತಂದು ತೂಗಿ ಹಾಕಿದರು, ಬಗ್ಗಡವನ್ನು ಗೊಬ್ಬರಕ್ಕೆ ವಾಪಸು ಒಯ್ದರು. ಸಗಣಿ ಕೊಟ್ಟರೆ ಹೊಲದ ಗೊಬ್ಬರ ಹೋಯಿತು ಎಂಬ ಭಯವೇ ಬೇಡ. ಗ್ಯಾಸು ಹೋದರೂ ಸಾರಜನಕ ಬಗ್ಗಡದಲ್ಲೇ ಉಳಿಯುತ್ತದೆ.

ನಮ್ಮ ಊರಲ್ಲಿ ಸಹಾಯಧನ ಬಂದಾಗ ಕಟ್ಟಿದ ಗುಂಡಿಗಳಲ್ಲಿ ಹಲವು ಇವತ್ತು ಒಣಗಿ ನಿಂತಿವೆ. ಒಂದರಲ್ಲಿ ಬೂದಿ ತುಂಬಿದೆ, ಇನ್ನೊಂದರ ಮೇಲೆ ಕೋಳಿ ಗೂಡು. ತಪ್ಪು ಬೇರೆ ಯಾರದೂ ಅಲ್ಲ, ನಮ್ಮದೇ. ಕಟ್ಟಿಸಿಕೊಂಡೆವು, ನೋಡಿಕೊಳ್ಳಲಿಲ್ಲ. ಈ ರಜತ ವರ್ಷದಲ್ಲಿ ಅವನ್ನು ರಿಪೇರಿ ಮಾಡಿಸೋಣ. ಹಾಲಿನ ಪುಸ್ತಕದ ಪಕ್ಕದಲ್ಲಿ ಸಗಣಿಯದೂ ಒಂದು ಪುಸ್ತಕ ಇಡೋಣ. ಯಾವ ಮನೆಯಲ್ಲಿ ದಿನಕ್ಕೆ ಎಷ್ಟು ಎಂದು ಒಂದು ವರ್ಷ ಬರೆಯೋಣ.

ಜಲಜನಕದ ಕಾಲ ಬಂದೇ ಬಂದರೆ ಸಗಣಿ ಇರುವವರ ಹತ್ತಿರವೇ ಅವರು ಬರಬೇಕು. ಆವತ್ತು ಪುಸ್ತಕ ನಮ್ಮ ಕೈಲಿದ್ದರೆ ದರ ನಾವು ಹೇಳಬಹುದು. ಇಲ್ಲದಿದ್ದರೆ ಅವರು ಹೇಳಿದ್ದೇ ದರ. ಇಪ್ಪತ್ತೈದು ವರ್ಷದ ಹಿಂದೆ ಹಾಲಿನ ವಿಷಯದಲ್ಲಿ ಕಲಿತ ಪಾಠ ಇದೇ ಅಲ್ಲವೆ?

ಜೈ ಸಹಕಾರ.