ಇನ್ನೂರು ಗಂಟೆಯ ಲೆಕ್ಕ



ಕೆನಡಾದ ಒಂಟಾರಿಯೋ ಪ್ರಾಂತ್ಯದ ಉತ್ತರಕ್ಕೆ ಕ್ರೀ, ಒಜಿಬ್ವೆ, ಓಜಿ-ಕ್ರೀ ಭಾಷೆಯಾಡುವ ಮೂಲನಿವಾಸಿಗಳ ಹತ್ತಾರು ಹಳ್ಳಿಗಳಿವೆ. ಅಲ್ಲಿಗೆ ವರ್ಷವಿಡೀ ಓಡಾಡುವ ರಸ್ತೆಯೇ ಇಲ್ಲ. ಚಳಿಗಾಲದಲ್ಲಿ ಕೆರೆ, ಹೊಳೆ ಹೆಪ್ಪುಗಟ್ಟಿದಾಗ ಕೆಲವು ವಾರ ಲಾರಿ ಓಡುತ್ತದೆ. ಮಿಕ್ಕ ದಿನ ಹಾಲಿನ ಪುಡಿ ಬರುವುದೂ ವಿಮಾನದಲ್ಲಿ, ಬಸುರಿ ಹೆರಿಗೆಗೆ ಹೋಗುವುದೂ ವಿಮಾನದಲ್ಲಿ. ನಮಗೆ ವಿಮಾನವೆಂದರೆ ಸಾಹುಕಾರರ ಸವಾರಿ. ಅವರಿಗೆ ಅದು ಕೆಂಪು ಬಸ್ಸು!

ಈ ಬಸ್ಸಿನ ಡ್ರೈವರ್ ಯಾರು? ಹೆಚ್ಚಾಗಿ ದಕ್ಷಿಣದ ಪಟ್ಟಣಗಳ ಹುಡುಗರು. ಹಾರಾಟದ ಗಂಟೆ ಕೂಡಿಸಿಕೊಂಡು ದೊಡ್ಡ ಕಂಪನಿಗೆ ಹಾರಿಬಿಡುತ್ತಾರೆ. ಅವರನ್ನು ದೂರಿ ಫಲವಿಲ್ಲ, ಹೊಟ್ಟೆಪಾಡು. ಆದರೆ ಊರಿನ ಹುಡುಗಿಯೇ ಪೈಲಟ್ ಆದರೆ ಅವಳು ಊರಿಗೆ ಮರಳುವ ಆಸೆಯಾದರೂ ಇರುತ್ತದೆ. ಸ್ಟ್ರೆಚರ್ ಮೇಲೆ ಮಲಗಿದ ಅಜ್ಜಿಗೆ "ಹೆದರಬೇಡ, ಇನ್ನು ಅರ್ಧ ಗಂಟೆ" ಎಂದು ಕ್ರೀ ಭಾಷೆಯಲ್ಲೇ ಹೇಳುತ್ತಾಳೆ. ಭಾಷೆಯ ಹಕ್ಕೆಂದರೆ ಬರೀ ಬೋರ್ಡಿನ ಅಕ್ಷರವಲ್ಲ ಸ್ವಾಮಿ.

ಅಂಥವರನ್ನು ತಯಾರು ಮಾಡುವ ಶಾಲೆ ಇದೆ. ಮೊಹಾಕ್ ಜನರ ಟಯೆಂಡಿನೇಗ ನೆಲದಲ್ಲಿ 1985ರಲ್ಲಿ ಹುಟ್ಟಿದ ಫಸ್ಟ್ ನೇಷನ್ಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್. ಅಲ್ಲಿನ ಏರ್‌ಸ್ಟ್ರಿಪ್ಪಿನ ಕಥೆ ಕೇಳಿ. 1917ರಲ್ಲಿ, ಮೊದಲ ಮಹಾಯುದ್ಧ ನಡೆಯುತ್ತಿದ್ದಾಗ, ಬ್ರಿಟಿಷರ ವಾಯುದಳ ಇದೇ ನೆಲದಲ್ಲಿ ತನ್ನ ಹುಡುಗರಿಗೆ ಹಾರಾಟ ಕಲಿಸಿತು. ನೆಲ ಮೊಹಾಕರದ್ದು, ರೆಕ್ಕೆ ಪರರದ್ದು! ಮೊಹಾಕರ ಈ ಶಾಲೆ ಅಲ್ಲಿ ಮೂಲನಿವಾಸಿ ಮಕ್ಕಳಿಗೆ ಹಾರಾಟ ಕಲಿಸಲು ಹಲವು ದಶಕಗಳೇ ಬೇಕಾದವು. 2022ರಲ್ಲಿ ಹ್ಯಾಂಗರಿಗೆ ಬೆಂಕಿ ಬಿದ್ದು ಹೆಚ್ಚಿನ ತರಬೇತಿ ವಿಮಾನಗಳು ಸುಟ್ಟುಹೋದವು. ಮತ್ತೆ ವಿಮಾನ ಹೊಂದಿಸಬೇಕಾಯಿತು.

ಈಗ ದುಡ್ಡಿನ ಮಾತು. ಕೆನಡಾದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ಕನಿಷ್ಠ 200 ಗಂಟೆ ಹಾರಾಟ ಬೇಕು. ಪೆಟ್ರೋಲು, ರಿಪೇರಿ, ಬೋಧಕರ ಸಂಬಳ, ಎಲ್ಲವೂ ಗಂಟೆಯ ಲೆಕ್ಕ. ಮಂಜು ಕವಿದರೆ ಹಾರಾಟ ಬಂದ್, ಆದರೆ ರೂಮಿನ ಬಾಡಿಗೆ ಬಂದ್ ಆಗುವುದಿಲ್ಲ. ಬಿ.ಎ. ಅರ್ಧಕ್ಕೆ ಬಿಟ್ಟವನ ತಲೆಯಲ್ಲಿ ಒಂದಿಷ್ಟಾದರೂ ಓದು ಉಳಿಯುತ್ತದೆ. 150 ಗಂಟೆಗೆ ಹಣ ಮುಗಿದವನಿಗೆ ಆ ಲೈಸೆನ್ಸ್ ಇಲ್ಲ, ಸಂಬಳಕ್ಕೆ ವಿಮಾನ ಓಡಿಸುವಂತಿಲ್ಲ. ಅರೆಬರೆ ಸಹಾಯವೆಂದರೆ ಕೊಟ್ಟ ಹಣವೂ ಗಾಳಿಪಾಲು.

ಆದರೆ ಒಟ್ಟಾವದ ಸರ್ಕಾರ ಮಾಡಿದ್ದೇನು? ಮೂಲನಿವಾಸಿಗಳ ಉನ್ನತ ಶಿಕ್ಷಣದ ಅನುದಾನ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರಬಾರದೆಂದು 1996ರಲ್ಲಿ ಬೇಲಿ ಹಾಕಿತು. ಮಕ್ಕಳ ಸಂಖ್ಯೆ ಬೆಳೆಯಿತು, ಖರ್ಚು ಬೆಳೆಯಿತು, ಬೇಲಿ ಮಾತ್ರ ಸುಮಾರು ಎರಡು ದಶಕ ಅಲ್ಲೇ ನಿಂತಿತು. 2017ರಲ್ಲಿ ಒಂಟಾರಿಯೋ ಇಂಥ ಸಂಸ್ಥೆಗಳಿಗೆ ಕಾನೂನಿನ ಮಾನ್ಯತೆ ಕೊಟ್ಟಿತು. ಒಳ್ಳೆಯದೇ. ಆದರೆ ಮಾನ್ಯತೆ ಪತ್ರವನ್ನು ಟ್ಯಾಂಕಿಗೆ ಸುರಿದರೆ ಇಂಜಿನ್ ತಿರುಗುತ್ತದೆಯೇ?

ಆಕಾಶದಲ್ಲೆಲ್ಲಾ ಕ್ರೀ ಮಾತಾಡಿದರೆ ಅಪಘಾತವಾಗದೇ ಎಂದು ಕೇಳುವವರಿದ್ದಾರೆ. 1976ರಲ್ಲಿ ಕ್ವಿಬೆಕ್ಕಿನ ಆಕಾಶದಲ್ಲಿ ಫ್ರೆಂಚ್ ಬಂದರೆ ಅಪಾಯವೆಂದು ಕೆನಡಾದ ಪೈಲಟ್‌ಗಳು ಮುಷ್ಕರ ಹೂಡಿದ್ದರು. 1979ರಲ್ಲಿ ತನಿಖಾ ಆಯೋಗ, ಅಪಾಯವಿಲ್ಲ ಎಂದಿತು. ಇಲ್ಲಂತೂ ಯಾರೂ ರೇಡಿಯೋದ ಭಾಷೆ ಬದಲಿಸಿ ಎನ್ನುತ್ತಿಲ್ಲ. ಕೇಳುತ್ತಿರುವುದು ಇಷ್ಟೇ: ಸೇರಿಸಿಕೊಂಡ ಪ್ರತಿ ವಿದ್ಯಾರ್ಥಿಗೂ ಮೊದಲ ದಿನವೇ ಪೂರ್ತಿ 200 ಗಂಟೆಯ ಹಣ ಎತ್ತಿಡಿ, ಮಂಜಿನ ದಿನಗಳ ಊಟ-ಬಾಡಿಗೆಯನ್ನೂ ಸೇರಿಸಿ. ಆಮೇಲೆ ಸೀಟು ಹೆಚ್ಚಿಸಿ, ವಿಮಾನ ಹೆಚ್ಚಿಸಿ.