ಹಕ್ಕಿ ನೋಡುವವನ ದಿನಚರಿ

ಹಕ್ಕಿಗಳನ್ನು ನೋಡುವುದು ನನ್ನ ಹವ್ಯಾಸ. ನೋಡಿದ್ದನ್ನು ಬರೆದಿಡುವುದು ಅದಕ್ಕೆ ಅಂಟಿಕೊಂಡು ಬಂದ ಇನ್ನೊಂದು ಗೀಳು. ಮೊದಲನೆಯದನ್ನು ಜನ ಕ್ಷಮಿಸುತ್ತಾರೆ; ಎರಡನೆಯದಕ್ಕೆ ಕಾರಣ ಕೇಳುತ್ತಾರೆ. “ನೋಡಿ ಸಂತೋಷಪಟ್ಟರೆ ಸಾಲದೆ, ಮೇಷ್ಟ್ರೆ? ಅದನ್ನು ಬರೆದು ಯಾರಿಗೆ ಒಪ್ಪಿಸಬೇಕು?” ಎಂದು ನೆರೆಯವರೊಬ್ಬರು ನನ್ನನ್ನು ಅನೇಕ ಸಲ ಕೇಳಿದ್ದಾರೆ. ಒಪ್ಪಿಸಬೇಕಾದವರು ಯಾರೂ ಇಲ್ಲವೆಂಬುದು ನಿಜ. ಆದರೂ ನಲವತ್ತು ವರ್ಷಗಳಿಂದ ಬರೆಯುತ್ತಿದ್ದೇನೆ. ಏಕೆ ಎಂಬುದನ್ನು ಈ ಹೊತ್ತು ನಿಮ್ಮೆದುರಿಗೆ ವಿಚಾರಮಾಡಿ ನೋಡುತ್ತೇನೆ.

ಬರೆಯಹೊರಟ ಮೊದಲ ವರ್ಷವೇ ನನಗೆ ಒಂದು ಸಂಗತಿ ಮನವರಿಕೆಯಾಯಿತು: ನಾನು ನೋಡುತ್ತಿರಲಿಲ್ಲ, ಕಣ್ಣು ಹಾಯಿಸುತ್ತಿದ್ದೆ, ಅಷ್ಟೆ. ನಮ್ಮ ಊರು ತುಂಗೆಯ ದಂಡೆಯಲ್ಲಿದೆ. ಮಳೆಗಾಲ ಹಿಂದಾಗುವ ಹೊತ್ತಿಗೆ, ಸೆಪ್ಟೆಂಬರಿನಲ್ಲಿ, ಹೊಳೆಯ ಬಂಡೆಗಳ ಮೇಲೆ ಬಾಲ ಕುಣಿಸುತ್ತ ಓಡಾಡುವ ಕುಂಡೆಕುಸ್ಕ ಬರುತ್ತದೆ. ಆ ಸಂಜೆ “ಹಳದಿ ಹೊಟ್ಟೆಯ ಕುಂಡೆಕುಸ್ಕ ಬಂದಿತು” ಎಂದು ಬರೆದೆ. ಬೆನ್ನಿನ ಬಣ್ಣ ಯಾವುದು? ಬೂದಿಯೋ ಹಸುರೋ? ಹಳದಿ ಹೊಟ್ಟೆಯವು ಒಂದಕ್ಕಿಂತ ಹೆಚ್ಚು ಬಗೆಯಿವೆ. ಬೆನ್ನು ನೋಡದೆ ಇಂಥದೇ ಎನ್ನುವಂತಿಲ್ಲ. ಲೇಖನಿ ಕೇಳಿದ ಪ್ರಶ್ನೆಗೆ ಕಣ್ಣಿನಲ್ಲಿ ಉತ್ತರವಿರಲಿಲ್ಲ. ಮರುದಿನ ಬೆಳಗಿನ ಜಾವಕ್ಕೆ ಮತ್ತೆ ಹೊಳೆಗೆ ಹೋದೆ. ಬೆನ್ನು ಬೂದಿಯಾಗಿತ್ತು. ಹಿಮಾಲಯದಲ್ಲಿಯೂ ಅದರಾಚೆಯ ಶೀತನಾಡುಗಳಲ್ಲಿಯೂ ಮರಿಮಾಡಿ, ಚಳಿಗಾಲ ಕಳೆಯಲು ನಮ್ಮ ಕಡೆಗೆ ಇಳಿದುಬರುವ ಬೂದು ಕುಂಡೆಕುಸ್ಕ ಅದು.

ಈ ಗೀಳಿಗೆ ಹಿರಿಯರೂ ಉಂಟು. ಇಂಗ್ಲೆಂಡಿನ ಸೆಲ್ಬೋರ್ನ್ ಎಂಬ ಹಳ್ಳಿಯಲ್ಲಿ ಗಿಲ್ಬರ್ಟ್ ವೈಟ್ ಎಂಬ ಪಾದ್ರಿ ಇದ್ದ. 1768ರಿಂದ 1793ರಲ್ಲಿ ತೀರಿಕೊಳ್ಳುವವರೆಗೆ, ಇಪ್ಪತ್ತೈದು ವರ್ಷ, ಆತ ಪ್ರಕೃತಿಯ ದಿನಚರಿ ಬರೆದ. ಗಾಳಿ, ಮಳೆ, ತೋಟದ ಸೌತೆ, ಸಾಕಿದ ಆಮೆ, ಎಲ್ಲವೂ ಅದರಲ್ಲಿವೆ. ಕಣ್ಣಿಗೆ ಹೆಚ್ಚುಕಡಮೆ ಒಂದೇ ಆಗಿ ತೋರುವ ಪುಟ್ಟ ಉಲಿಯಕ್ಕಿಗಳು ವಾಸ್ತವದಲ್ಲಿ ಮೂರು ಬೇರೆ ಬೇರೆ ಜಾತಿಗಳೆಂದು ಅವುಗಳ ಹಾಡನ್ನು ಕೇಳಿ ಬೇರ್ಪಡಿಸಿದವನು ಆತ. ಆದರೆ ಅದೇ ಮನುಷ್ಯನಿಗೆ, ಚಳಿಗಾಲದಲ್ಲಿ ಕಾಣದಾಗುವ ಅಂಬರಗುಬ್ಬಿಗಳಲ್ಲಿ ಕೆಲವಾದರೂ ದೇಶ ಬಿಟ್ಟು ಹೋಗದೆ ಎಲ್ಲೋ ಅಡಗಿ ನಿದ್ರಿಸುತ್ತವೆಯೆಂಬ ಶಂಕೆ ಕೊನೆಯವರೆಗೂ ಬಿಡಲಿಲ್ಲ. ಆ ಶಂಕೆಯನ್ನೂ ಆತ ಮುಚ್ಚಿಡದೆ ಬರೆದ. ನನಗೆ ಆತನ ಮೇಲೆ ಪ್ರೀತಿ ಹುಟ್ಟಿರುವುದು ಮುಖ್ಯವಾಗಿ ಇದಕ್ಕಾಗಿಯೇ.

ಆತನೊಡನೆ ಪತ್ರವ್ಯವಹಾರವಿದ್ದ ರಾಬರ್ಟ್ ಮಾರ್ಶಮ್ ಎಂಬಾತ 1736ರಿಂದ ವಸಂತದ ಚಿಹ್ನೆಗಳನ್ನು, ಯಾವ ಮರ ಎಂದು ಚಿಗುರಿತು, ಯಾವ ಹಕ್ಕಿ ಎಂದು ಕೂಗಿತು ಎಂಬುದನ್ನು, ವರ್ಷವರ್ಷವೂ ಗುರುತುಹಾಕಿದ. ಆತನ ವಂಶದವರು ಆ ಕೆಲಸವನ್ನು 1958ರವರೆಗೆ ಮುಂದುವರಿಸಿದರು. ಭೂಮಿಯ ಬಿಸುಪು ಏರುತ್ತಿರುವುದರ ಫಲವನ್ನು ತಿಳಿಯಬಯಸಿದ ವಿಜ್ಞಾನಿಗಳು ಈಚೆಗೆ ಆ ಪುಟಗಳನ್ನು ಹುಡುಕಿಕೊಂಡು ಹೋದರು. ಬರೆದವರಿಗೆ ಅದರ ಕಲ್ಪನೆಯಾದರೂ ಎಲ್ಲಿತ್ತು?

ನಮ್ಮವರೇ ಆದ ಸಲೀಂ ಅಲಿಯವರ ಉದಾಹರಣೆ ಇನ್ನೂ ಸೋಜಿಗದ್ದು. 1906-07ರ ಸುಮಾರಿಗೆ ಅವರು ಹತ್ತು ವರ್ಷದ ಹುಡುಗ, ಕೈಯಲ್ಲಿ ಏರ್‌ಗನ್. ಲಾಯದ ಗೋಡೆಯ ಗೂಡಿನಲ್ಲಿ ಹೆಣ್ಣು ಗುಬ್ಬಚ್ಚಿ ಮೊಟ್ಟೆಗೆ ಕೂತಿದೆ. ಹೊರಗೆ ಕಾವಲು ನಿಂತ ಗಂಡನ್ನು ಹುಡುಗ ಹೊಡೆದ. ಸ್ವಲ್ಪ ಹೊತ್ತಿನಲ್ಲೇ ಇನ್ನೊಂದು ಗಂಡು ಬಂದು ಕಾವಲು ನಿಂತಿತು. ಹೀಗೆ ಏಳು ದಿನಗಳಲ್ಲಿ ಎಂಟು. ಕೇಳಲು ಮನಸ್ಸಿಗೆ ಹಿತವಲ್ಲ, ಒಪ್ಪುತ್ತೇನೆ. ಆದರೆ ಹುಡುಗ ಅದನ್ನು ಬರೆದಿಟ್ಟ. ಗುಬ್ಬಚ್ಚಿಗಳ ಸಂಸಾರದ ವಿಷಯದಲ್ಲಿ ಬೆಲೆಯುಳ್ಳ ಆ ಬಾಲಟಿಪ್ಪಣಿ ಹಲವು ದಶಕಗಳ ಮೇಲೆ ಪಕ್ಷಿವೀಕ್ಷಕರ ಪತ್ರಿಕೆಯಲ್ಲಿ ಅಚ್ಚಾಯಿತು. 1985ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಅವರೇ ಇದನ್ನು ಹೇಳಿಕೊಂಡಿದ್ದಾರೆ.

ಗುಬ್ಬಚ್ಚಿಯ ಮಾತು ಬಂದಿತು. ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ನಮ್ಮ ಹಳೆಯ ಮನೆ ನಾಡಹಂಚಿನದು. ಪಡಸಾಲೆಯಲ್ಲಿ ತೂಗುಹಾಕಿದ್ದ ಪಟಗಳ ಹಿಂದೆಲ್ಲ ಗುಬ್ಬಚ್ಚಿಗಳ ಗೂಡು. ಅಮ್ಮ ಅಕ್ಕಿ ಕೇರಲು ಕೂತರೆ ಮೊರದ ಅಂಚಿಗೇ ಬರುತ್ತಿದ್ದವು. ನಾನು ಹೊಳೆಯ ಮಿಂಚುಳ್ಳಿಯನ್ನೂ ದೂರದೇಶದ ಅತಿಥಿಗಳನ್ನೂ ಬರೆಯುತ್ತಿದ್ದೆ, ಗುಬ್ಬಚ್ಚಿಯನ್ನು ಬರೆಯಲಿಲ್ಲ. ಒಮ್ಮೆ ಅಮ್ಮನೇ, “ಇವನ್ನೂ ಬರಿ ಮಗಾ, ಇವೂ ಹಕ್ಕಿಯಲ್ಲವೇನೋ?” ಎಂದಳು. “ಮನೆಯವರನ್ನು ಯಾರಾದರೂ ಲೆಕ್ಕ ಬರೆಯುತ್ತಾರೇನಮ್ಮ?” ಎಂದು ನಕ್ಕುಬಿಟ್ಟೆ.

1996ರಲ್ಲಿ ಹಂಚು ತೆಗೆಸಿ ತಾರಸಿ ಹಾಕಿಸಿದೆವು. ಈಗ ಮನೆಯಲ್ಲಿ ಗುಬ್ಬಚ್ಚಿಗಳಿಲ್ಲ. ತಾರಸಿ ಬಂದ ವರ್ಷವೇ ಅವು ಹೋದವು ಎಂದು ನಾನು ಬಹುಕಾಲ ನಂಬಿದ್ದೆ. ತಮ್ಮನೊಡನೆ ಬಿರುಸಾಗಿ ವಾದಿಸಿಯೂ ಇದ್ದೆ. ಅವನು ತಲೆಯಾಡಿಸಿ, “ಇಲ್ಲ ಅಣ್ಣ, ಆಮೇಲೂ ಇದ್ದವು” ಎನ್ನುತ್ತಿದ್ದ. ಅವನ ಬಾಯಿ ಮುಚ್ಚಿಸಬೇಕೆಂದು ಒಂದು ದಿನ ಹಳೆಯ ಪುಸ್ತಕಗಳನ್ನೆಲ್ಲ ಹರಡಿಕೊಂಡು ಕುಳಿತೆ. 1998ರ ಜೂನ್ ತಿಂಗಳ ಒಂದು ಪುಟದಲ್ಲಿ, ಮಗಳ ಜ್ವರದ ವಿಷಯ ಬರೆದ ಕೆಳಗೆ, ಮೂಲೆಯಲ್ಲಿ ಒಂದು ಸಾಲು: ಜ್ವರದ ಮಗು ಕಿಟಕಿಯ ಮೇಲೆ ಹುಲ್ಲು ತರುತ್ತಿದ್ದ ಗುಬ್ಬಚ್ಚಿಯನ್ನು ನೋಡಿ ನಕ್ಕಳು. ತಮ್ಮ ಗೆದ್ದ. ನನ್ನ ನೆನಪು, ತನಗೆ ಅನುಕೂಲವಾದ ಕಥೆಯೊಂದನ್ನು ಕಟ್ಟಿಕೊಂಡು, ಎರಡು ವರ್ಷಗಳನ್ನೇ ನುಂಗಿಹಾಕಿತ್ತು.

ಆ ಸಾಲಿನ ಮುಂದೆ ಹುಡುಕಿದೆ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಪುಟಗಳಲ್ಲಿ ಗುಬ್ಬಚ್ಚಿಯ ಹೆಸರಿಲ್ಲ. ಅವು ಯಾವ ವರ್ಷ, ಯಾವ ತಿಂಗಳು ನಮ್ಮ ಮನೆಯನ್ನು ಬಿಟ್ಟುಹೋದವೆಂಬುದನ್ನು ಹೇಳಬಲ್ಲ ಅಮ್ಮ ಈಗಿಲ್ಲ. ದೂರದ ಕುಂಡೆಕುಸ್ಕ ಬಂದ ಒಂದೊಂದು ದಿನವನ್ನೂ ಬಲ್ಲ ನನಗೆ, ಮೊರದ ಅಂಚಿನ ಹಕ್ಕಿ ಹೋದ ದಿನ ಗೊತ್ತಿಲ್ಲ.

ಅಂದಿನಿಂದ ಪ್ರತಿ ಭಾನುವಾರ ಬೆಳಗ್ಗೆ ಅರ್ಧ ಗಂಟೆ ಜಗಲಿಯಲ್ಲಿ ಕುಳಿತು ಅಂಗಳದ ಹಕ್ಕಿಗಳನ್ನೆಲ್ಲ ಎಣಿಸಿ ಬರೆಯುತ್ತೇನೆ. ಮೊಮ್ಮಗಳು ಗೆರೆ ಹಾಕಿಕೊಡುತ್ತಾಳೆ. ಕಳೆದ ಭಾನುವಾರ ಕಾಗೆ ಹದಿನಾಲ್ಕು, ಮೈನಾ ಆರು, ಪಿಕಳಾರ ನಾಲ್ಕು, ಮಡಿವಾಳ ಹಕ್ಕಿ ಒಂದು. ಗುಬ್ಬಚ್ಚಿಗೂ ಒಂದು ಸಾಲು ಇದೆ. ಅಲ್ಲಿ ಸೊನ್ನೆ ಹಾಕಿ, ಪುಸ್ತಕ ಮುಚ್ಚಿಟ್ಟು, ಕಾಫಿಗೆ ಒಳಗೆ ಹೋದೆವು.